ಅನಿಲಕ್ಕೆ ತಕ್ಕ ಲೋಹವನ್ನು ಆರಿಸುವುದು ಹೇಗೆ?

ಜಲಜನಕವನ್ನು ಇಂಧನವಾಗಿ ಬಳಸುವ ಯೋಜನೆಗಳು, ಹಡಗುಗಳ ಎಂಜಿನ್ನಿನಲ್ಲಿ ಅಮೋನಿಯ ಉರಿಸುವ ಪ್ರಯತ್ನಗಳು ಮತ್ತು ಚಿಪ್ ತಯಾರಿಸುವ ಕಾರ್ಖಾನೆಗಳು ಈಗ ದಿನನಿತ್ಯದ ಸುದ್ದಿಯಾಗಿವೆ. ಈ ಸುದ್ದಿಗಳಲ್ಲಿ ಬಾಯಿಬಿಟ್ಟು ಹೇಳದ, ಆದರೆ ಎಲ್ಲದರ ಹಿಂದೆಯೂ ಇರುವ ಒಂದು ಪ್ರಶ್ನೆಯಿದೆ. ಇಂಥ ಅನಿಲಗಳನ್ನು ಯಾವ ಲೋಹದ ಕೊಳವೆಯಲ್ಲಿ ಹರಿಸಬೇಕು, ಯಾವ ಲೋಹದ ಸಿಲಿಂಡರಿನಲ್ಲಿ ತುಂಬಿಡಬೇಕು?

ತುಕ್ಕು ಹಿಡಿಯದ, ಗಟ್ಟಿಮುಟ್ಟಾದ, ಬೆಲೆಬಾಳುವ ಲೋಹವೊಂದನ್ನು ತಂದು ಎಲ್ಲ ಕಡೆಗೂ ಬಳಸಿದರಾಯಿತು ಎಂದು ಮೊದಲ ನೋಟಕ್ಕೆ ಅನ್ನಿಸುವುದು ಸಹಜ. ಆದರೆ ಕ್ಲೋರಿನ್ ಅನಿಲದ ಒಂದೇ ಉದಾಹರಣೆ ಈ ಅನಿಸಿಕೆಯನ್ನು ತಲೆಕೆಳಗು ಮಾಡುತ್ತದೆ. ತೇವವಿರುವ ಕ್ಲೋರಿನ್ನಿನಲ್ಲಿ ಟೈಟಾನಿಯಂ ವರ್ಷಗಟ್ಟಲೆ ಏನೂ ಆಗದೆ ಉಳಿಯುತ್ತದೆ, ಸಾಮಾನ್ಯ ಉಕ್ಕು ಬೇಗನೆ ತಿಂದುಹೋಗುತ್ತದೆ. ಅದೇ ಕ್ಲೋರಿನ್ನನ್ನು ಚೆನ್ನಾಗಿ ಒಣಗಿಸಿದರೆ ಅಗ್ಗದ ಉಕ್ಕು ಸುರಕ್ಷಿತವಾಗಿರುತ್ತದೆ, ದುಬಾರಿಯಾದ ಟೈಟಾನಿಯಂ ಬೆಂಕಿ ಹೊತ್ತಿ ಉರಿದುಹೋಗಬಹುದು. ಅನಿಲವೂ ಬದಲಾಗಲಿಲ್ಲ, ಲೋಹಗಳೂ ಬದಲಾಗಲಿಲ್ಲ. ಬದಲಾದದ್ದು ಸ್ವಲ್ಪ ನೀರು ಮಾತ್ರ. ಹೀಗೇಕೆ ಎಂಬುದು ಅರ್ಥವಾದರೆ ಲೋಹದ ಆಯ್ಕೆಯ ಬಹುಪಾಲು ಅರ್ಥವಾದಂತೆ.

ಲೋಹವನ್ನು ಕಾಯುವುದು ಅದರ ಪೊರೆ

ಸುತ್ತಲಿನ ವಸ್ತುವಿನೊಡನೆ ರಾಸಾಯನಿಕವಾಗಿ ವರ್ತಿಸಿ ಲೋಹ ತನ್ನ ಲೋಹತನವನ್ನು ಕಳೆದುಕೊಳ್ಳುವುದಕ್ಕೆ ಸಂಕ್ಷಾರಣ ಎನ್ನುತ್ತಾರೆ. ಕಬ್ಬಿಣದ ತುಕ್ಕು ಇದರ ಅತ್ಯಂತ ಪರಿಚಿತ ರೂಪ. ಕ್ಲೋರಿನ್, ಫ್ಲೋರಿನ್, ಹೈಡ್ರೋಜನ್ ಕ್ಲೋರೈಡ್, ಹೈಡ್ರೋಜನ್ ಸಲ್ಫೈಡ್, ಅಮೋನಿಯ, ಆಮ್ಲಜನಕ ಮೊದಲಾದವು ಇತರ ವಸ್ತುಗಳೊಡನೆ ಸುಲಭವಾಗಿ ವರ್ತಿಸುವುದರಿಂದ ಅವನ್ನು ಕ್ರಿಯಾಶೀಲ ಅನಿಲಗಳೆಂದು ಕರೆಯುತ್ತಾರೆ. ಹೀಲಿಯಂ, ಆರ್ಗಾನ್‌ಗಳಂತಹ ಜಡ ಅನಿಲಗಳ ವಿಷಯದಲ್ಲಿ ಈ ಚಿಂತೆಯೇ ಇಲ್ಲ.

ಇಲ್ಲಿ ಮೊದಲು ಬಿಡಬೇಕಾದ ತಪ್ಪು ಕಲ್ಪನೆಯೊಂದಿದೆ. ಸಂಕ್ಷಾರಣವನ್ನು ತಡೆಯುವ ಲೋಹವೆಂದರೆ ಅನಿಲದೊಡನೆ ವರ್ತಿಸದೇ ಇರುವ ಲೋಹವೆಂದು ಹಲವರು ತಿಳಿಯುತ್ತಾರೆ. ಚಿನ್ನ, ಪ್ಲಾಟಿನಂಗಳ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ. ಆದರೆ ಅಲ್ಯೂಮಿನಿಯಂ, ಟೈಟಾನಿಯಂ, ಕ್ರೋಮಿಯಂಗಳು ಆಮ್ಲಜನಕದೊಡನೆ ಬಹಳ ಉತ್ಸಾಹದಿಂದ ವರ್ತಿಸುವ ಲೋಹಗಳು, ಮತ್ತು ಅವು ಬಾಳಿಕೆ ಬರುವುದು ಆ ಉತ್ಸಾಹದಿಂದಲೇ. ಗಾಳಿ ಸೋಕಿದ ಕ್ಷಣದಲ್ಲಿ ಮೇಲ್ಮೈಯಲ್ಲಿ ಆಕ್ಸೈಡಿನ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ, ಆ ಪೊರೆ ಒಳಗಿನ ಲೋಹಕ್ಕೂ ಹೊರಗಿನ ಅನಿಲಕ್ಕೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಗಾಯದ ಮೇಲೆ ಕಟ್ಟುವ ಹಕ್ಕಳೆ ಒಳಗಿನ ಮಾಂಸವನ್ನು ಕಾಯುವಂತೆಯೇ ಇದು. ಕೆರೆದರೆ ಮತ್ತೆ ಕಟ್ಟುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಎಂದು ಕರೆಸಿಕೊಳ್ಳಲು ಉಕ್ಕಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರಬೇಕೆಂಬ ನಿಯಮದ ಹಿಂದಿನ ಕಾರಣವೂ ಇದೇ. ಅದಕ್ಕಿಂತ ಕಡಿಮೆಯಾದರೆ ಕ್ರೋಮಿಯಂ ಆಕ್ಸೈಡಿನ ಪೊರೆ ಬಿಡುವಿಲ್ಲದೆ ಕೂಡಿಕೊಳ್ಳುವುದಿಲ್ಲ. ಈ ಪೊರೆಯ ದಪ್ಪ ಕೆಲವೇ ನ್ಯಾನೋಮೀಟರು, ಎಂದರೆ ಕೂದಲಿನ ಎಳೆಗಿಂತ ಸಾವಿರಾರು ಪಟ್ಟು ತೆಳು.

ಆದ್ದರಿಂದ ಲೋಹವು ಅನಿಲದೊಡನೆ ವರ್ತಿಸುತ್ತದೆಯೇ ಎಂದು ಕೇಳಿದರೆ ಸಾಲದು. ವರ್ತಿಸಿದಾಗ ಹುಟ್ಟುವ ವಸ್ತು ಯಾವುದು, ಅದು ಗಟ್ಟಿಯಾಗಿ ಮೇಲ್ಮೈಗೆ ಅಂಟಿಕೊಂಡು ನಿಲ್ಲುತ್ತದೆಯೇ, ಅಥವಾ ಕರಗಿ, ಉದುರಿ, ಆವಿಯಾಗಿ ಹೊರಟುಹೋಗುತ್ತದೆಯೇ ಎಂದು ಕೇಳಬೇಕು.

ಪೊರೆಯೇ ಆವಿಯಾಗಿ ಹಾರಿಹೋದರೆ

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಸಿಗುವುದು ಫ್ಲೋರಿನ್ನಿನಲ್ಲಿ. ಮೂಲವಸ್ತುಗಳಲ್ಲೆಲ್ಲ ಅತಿ ಹೆಚ್ಚು ಕ್ರಿಯಾಶೀಲವಾದ ಈ ಅನಿಲವನ್ನು ಬೇರ್ಪಡಿಸಲು ಹೊರಟ ಹಲವು ವಿಜ್ಞಾನಿಗಳು ಅದರ ಮತ್ತು ಹೈಡ್ರೋಜನ್ ಫ್ಲೋರೈಡಿನ ವಿಷಕ್ಕೆ ಸಿಕ್ಕಿ ನರಳಿದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಫ್ರಾನ್ಸಿನ ಆನ್ರಿ ಮ್ವಾಸಾನ್ 1886ರಲ್ಲಿ ಪ್ಲಾಟಿನಂ ಪಾತ್ರೆಯಲ್ಲಿ, ಪ್ಲಾಟಿನಂ ಮತ್ತು ಇರಿಡಿಯಂ ಬೆರೆತ ವಿದ್ಯುದ್ವಾರಗಳನ್ನು ಬಳಸಿ, ತೀರಾ ತಣಿಸಿದ ದ್ರಾವಣದಿಂದ ಅದನ್ನು ಬಿಡಿಸಿಕೊಂಡರು. ಈ ಕೆಲಸವೂ ಸೇರಿದಂತೆ ಅವರ ಸಾಧನೆಗೆ 1906ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪಾತ್ರೆಯ ಆಯ್ಕೆಯ ದೃಷ್ಟಿಯಿಂದ ಇದಕ್ಕಿಂತಲೂ ಮುಖ್ಯವಾದುದು ಅವರ ಮುಂದಿನ ಹೆಜ್ಜೆ. ಪ್ಲಾಟಿನಂ ಬದಲು ಅಗ್ಗದ ತಾಮ್ರದ ಪಾತ್ರೆಯಲ್ಲಿಯೂ ಫ್ಲೋರಿನ್ ತಯಾರಿಸಬಹುದೆಂದು ಅವರು ತೋರಿಸಿದರು. ತಾಮ್ರವು ಫ್ಲೋರಿನ್ನಿನೊಡನೆ ವರ್ತಿಸುತ್ತದೆ, ಆದರೆ ಆಗ ಹುಟ್ಟುವ ತಾಮ್ರದ ಫ್ಲೋರೈಡು ಗಟ್ಟಿಯಾಗಿ ಅಂಟಿಕೊಂಡು ಕೆಳಗಿನ ತಾಮ್ರವನ್ನು ಮುಚ್ಚಿಬಿಡುತ್ತದೆ.

ಇನ್ನು ಗಾಜನ್ನು ನೋಡೋಣ. ಪ್ರಯೋಗಶಾಲೆಗಳಲ್ಲಿ ಬಹುತೇಕ ಎಲ್ಲವನ್ನೂ ತಾಳುವ ಗಾಜು ಹೈಡ್ರೋಜನ್ ಫ್ಲೋರೈಡಿನ ಎದುರು ಸೋಲುತ್ತದೆ, ಏಕೆಂದರೆ ಗಾಜಿನಲ್ಲಿರುವ ಸಿಲಿಕಾನ್ ಅದರೊಡನೆ ವರ್ತಿಸಿದಾಗ ಸಿಲಿಕಾನ್ ಟೆಟ್ರಾಫ್ಲೋರೈಡ್ ಆಗುತ್ತದೆ ಮತ್ತು ಅದು ಸೊನ್ನೆಗಿಂತ 86 ಡಿಗ್ರಿ ಸೆಲ್ಸಿಯಸ್ ಕೆಳಗೆಯೇ ಅನಿಲವಾಗಿಬಿಡುವ ವಸ್ತು. ಕಟ್ಟಿದ ಗೋಡೆ ಕಟ್ಟಿದಂತೆಯೇ ಗಾಳಿಗೆ ಹಾರಿಹೋದರೆ ಕಾಯುವವರು ಯಾರು? ಟಂಗ್ಸ್ಟನ್ ಬಹಳ ಗಟ್ಟಿಯಾದ ಲೋಹ, ಅದರ ಕರಗುವ ಬಿಂದು 3,400 ಡಿಗ್ರಿಯ ಸಮೀಪದಲ್ಲಿದೆ. ಆದರೆ ಟಂಗ್ಸ್ಟನ್ ಹೆಕ್ಸಾಫ್ಲೋರೈಡ್ ಸುಮಾರು 17 ಡಿಗ್ರಿಗೇ ಕುದಿಯುತ್ತದೆ. ಲೋಹದ ಗಟ್ಟಿತನಕ್ಕೂ ಅನಿಲವನ್ನು ತಾಳುವ ಶಕ್ತಿಗೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ. ನಿಕ್ಕಲ್ ಫ್ಲೋರೈಡ್ ಮಾತ್ರ ಸಾವಿರ ಡಿಗ್ರಿ ದಾಟಿದರೂ ಗಟ್ಟಿಯಾಗಿಯೇ ಇರುತ್ತದೆ. ಆದ್ದರಿಂದಲೇ ಬಿಸಿಯಾದ ಫ್ಲೋರಿನ್ನನ್ನು ನಿಭಾಯಿಸಲು ಶುದ್ಧ ನಿಕ್ಕಲ್, ಮತ್ತು ಮೂರನೇ ಎರಡು ಭಾಗ ನಿಕ್ಕಲ್ ಉಳಿದದ್ದು ಹೆಚ್ಚಾಗಿ ತಾಮ್ರವಿರುವ ಮೋನೆಲ್ ಎಂಬ ಮಿಶ್ರಲೋಹ ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಯುರೇನಿಯಂ ಸಂವರ್ಧನೆಗಾಗಿ ಕಟ್ಟಿದ ಕೆ-25 ಸ್ಥಾವರದಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲ ಹರಿಯುವ ಉಕ್ಕಿನ ಕೊಳವೆಗಳ ಒಳಮೈಗೆ ನಿಕ್ಕಲ್ ಲೇಪನ ಕೊಟ್ಟಿದ್ದು ಇದೇ ಕಾರಣಕ್ಕೆ.

ಈ ಪೊರೆಯನ್ನು ಮೊದಲೇ, ನಿಧಾನವಾಗಿ, ಬೇಕೆಂದೇ ಕಟ್ಟಿಸುವ ಪದ್ಧತಿಯೂ ಉಂಟು. ಹೊಸ ಕೊಳವೆಗಳನ್ನು ಎಣ್ಣೆ, ಧೂಳು, ತೇವದ ಕಣವೂ ಉಳಿಯದಂತೆ ತೊಳೆದು ಒಣಗಿಸಿ, ಮೊದಲು ಜಡ ಅನಿಲದಲ್ಲಿ ಬೆರೆಸಿದ ಸ್ವಲ್ಪ ಫ್ಲೋರಿನ್ನನ್ನು ಹರಿಸಿ, ಹಂತಹಂತವಾಗಿ ಅದರ ಪ್ರಮಾಣವನ್ನು ಏರಿಸುತ್ತಾರೆ. ಒಮ್ಮೆಲೇ ಶುದ್ಧ ಫ್ಲೋರಿನ್ ಬಿಟ್ಟರೆ ಉಳಿದಿರಬಹುದಾದ ಎಣ್ಣೆಯ ಒಂದು ಹನಿಯೇ ಬೆಂಕಿಯ ಕಿಡಿಯಾಗಿ ಲೋಹವನ್ನೂ ಹೊತ್ತಿಸಬಲ್ಲದು.

ಒಣ ಅನಿಲ, ಒದ್ದೆ ಅನಿಲ

ಈಗ ಕ್ಲೋರಿನ್ನಿನ ಒಗಟಿಗೆ ಮರಳಬಹುದು. ಒಣ ಕ್ಲೋರಿನ್ ಉಕ್ಕಿಗೆ ಸೋಕಿದಾಗ ಮೇಲ್ಮೈಯಲ್ಲಿ ಕಬ್ಬಿಣದ ಕ್ಲೋರೈಡಿನ ಪದರ ಕಟ್ಟುತ್ತದೆ. ಸಾಮಾನ್ಯ ತಾಪಮಾನದಲ್ಲಿ ಅದು ಘನವಾಗಿಯೇ ಇದ್ದು ಉಕ್ಕನ್ನು ಕಾಯುತ್ತದೆ, ಹೀಗಾಗಿ ಕ್ಲೋರಿನ್ ಸಿಲಿಂಡರುಗಳನ್ನು ಸಾಮಾನ್ಯ ಉಕ್ಕಿನಿಂದಲೇ ಮಾಡುತ್ತಾರೆ. ಬಿಸಿ ಏರಿದಂತೆ ಈ ಕಾವಲು ಸಡಿಲವಾಗುತ್ತದೆ. ಸುಮಾರು 120 ಡಿಗ್ರಿಯನ್ನು ಉಕ್ಕಿನ ಮಿತಿಯೆಂದು ಇಟ್ಟುಕೊಳ್ಳುವುದು ರೂಢಿ, 250 ಡಿಗ್ರಿಯ ಆಸುಪಾಸಿನಲ್ಲಿ ಉಕ್ಕೇ ಕ್ಲೋರಿನ್ನಿನಲ್ಲಿ ಹೊತ್ತಿಕೊಳ್ಳಬಹುದು, ಮುನ್ನೂರು ಡಿಗ್ರಿ ದಾಟಿದೊಡನೆ ಕಬ್ಬಿಣದ ಕ್ಲೋರೈಡು ಆವಿಯಾಗಿ ಹೊರಟುಹೋಗುತ್ತದೆ. ನಿಕ್ಕಲ್ ಕ್ಲೋರೈಡು ಕರಗುವುದಕ್ಕೆ ಸುಮಾರು ಸಾವಿರ ಡಿಗ್ರಿ ಬೇಕಾಗುವುದರಿಂದ ಬಿಸಿಯಾದ ಒಣ ಕ್ಲೋರಿನ್ನಿಗೆ ಮತ್ತೆ ನಿಕ್ಕಲ್ಲನ್ನೇ ಮೊರೆಹೋಗಬೇಕಾಗುತ್ತದೆ.

ಇದೇ ಕೊಳವೆಗೆ ನೀರಿನ ಆವಿ ನುಸುಳಿದರೆ ಪರಿಸ್ಥಿತಿ ಪೂರಾ ಬೇರೆಯಾಗುತ್ತದೆ. ಕ್ಲೋರಿನ್ ನೀರಿನೊಡನೆ ವರ್ತಿಸಿ ಹೈಡ್ರೋಕ್ಲೋರಿಕ್ ಆಮ್ಲವೂ ಹೈಪೋಕ್ಲೋರಸ್ ಆಮ್ಲವೂ ಹುಟ್ಟುತ್ತವೆ, ಕಬ್ಬಿಣದ ಕ್ಲೋರೈಡು ನೀರಿನಲ್ಲಿ ಕರಗಿಹೋಗುತ್ತದೆ, ಬೆತ್ತಲಾದ ಉಕ್ಕನ್ನು ಆಮ್ಲ ತಿನ್ನತೊಡಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕೂಡ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಕ್ಲೋರೈಡ್ ಅಯಾನುಗಳು ಅದರ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಸೂಜಿಯ ಮೊನೆಯಷ್ಟು ಸಣ್ಣ, ಆದರೆ ಆಳವಾದ ಕುಳಿಗಳನ್ನು ಕೊರೆಯುತ್ತವೆ. ಹೊರಗಿನಿಂದ ಹೊಳೆಯುತ್ತಿರುವ ಕೊಳವೆ ಇದ್ದಕ್ಕಿದ್ದಂತೆ ತೂತಾಗುವುದು ಹೀಗೆ. ಟೈಟಾನಿಯಂ ಮಾತ್ರ ಇಲ್ಲಿ ಗೆಲ್ಲುತ್ತದೆ, ಏಕೆಂದರೆ ಅದರ ಆಕ್ಸೈಡ್ ಪೊರೆ ಹರಿದಲ್ಲೆಲ್ಲ ಮತ್ತೆ ಹೆಣೆದುಕೊಳ್ಳಲು ಬೇಕಾದ ಆಮ್ಲಜನಕವನ್ನು ಅದೇ ನೀರಿನಿಂದ ಪಡೆದುಕೊಳ್ಳುತ್ತದೆ. ನೀರು ಸುಮಾರು ಶೇಕಡಾ 1ಕ್ಕಿಂತ ಕೆಳಗಿಳಿದರೆ ಈ ಹೆಣಿಗೆ ನಿಲ್ಲುತ್ತದೆ. ಆಗ ಕ್ಲೋರಿನ್ ಲೋಹವನ್ನು ನೇರವಾಗಿ ಮುಟ್ಟಿ ಟೈಟಾನಿಯಂ ಟೆಟ್ರಾಕ್ಲೋರೈಡ್ ಆಗಿಸುತ್ತದೆ. 136 ಡಿಗ್ರಿಗೆ ಕುದಿಯುವ ಈ ದ್ರವ ಗೋಡೆಯಾಗಿ ನಿಲ್ಲಲಾರದು, ಕ್ರಿಯೆಯಿಂದ ಹೊಮ್ಮುವ ಶಾಖ ಕ್ರಿಯೆಯನ್ನೇ ಇನ್ನಷ್ಟು ಚುರುಕುಗೊಳಿಸಿ ಕೊನೆಗೆ ಲೋಹ ಹೊತ್ತಿಕೊಳ್ಳುತ್ತದೆ.

ಹೈಡ್ರೋಜನ್ ಕ್ಲೋರೈಡ್, ಹೈಡ್ರೋಜನ್ ಬ್ರೋಮೈಡ್, ಸಲ್ಫರ್ ಡೈಆಕ್ಸೈಡ್‌ಗಳ ಕಥೆಯೂ ಇದಕ್ಕೆ ಹತ್ತಿರದ್ದೇ. ಒಣಗಿದ್ದಾಗ ಇವು ಬಹುಮಟ್ಟಿಗೆ ಸೌಮ್ಯ, ತೇವ ಸಿಕ್ಕಾಗ ಆಮ್ಲ. ತೇವವಿರುವ ಹೈಡ್ರೋಜನ್ ಕ್ಲೋರೈಡಿಗೆ ಹ್ಯಾಸ್ಟೆಲಾಯ್ ಸಿ-276ರಂತಹ, ನಿಕ್ಕಲ್ಲಿನೊಡನೆ ಸುಮಾರು ಶೇಕಡಾ 16ರಷ್ಟು ಮಾಲಿಬ್ಡಿನಂ ಮತ್ತು ಹೆಚ್ಚುಕಡಿಮೆ ಅಷ್ಟೇ ಕ್ರೋಮಿಯಂ ಇರುವ ಮಿಶ್ರಲೋಹ ಬೇಕಾಗುತ್ತದೆ. ಅದಕ್ಕಿಂತ ಕಠಿಣವಾದ ಕಡೆ ಟ್ಯಾಂಟಲಂ ಎಂಬ ಲೋಹವನ್ನು ಬಳಸುತ್ತಾರೆ. ಆದರೆ ಆಮ್ಲಗಳ ಎದುರು ಅಷ್ಟು ದೃಢವಾದ ಟ್ಯಾಂಟಲಂ ಹೈಡ್ರೋಜನ್ ಫ್ಲೋರೈಡಿನ ಎದುರು ನಿಲ್ಲುವುದಿಲ್ಲ.

ಪ್ರಾಯೋಗಿಕವಾಗಿ ಹಾನಿಯಾಗುವ ಹೊತ್ತು ಯಾವುದೆಂದು ಗಮನಿಸಬೇಕು. ಅನಿಲ ಹರಿಯುತ್ತಿರುವಾಗ ಆಗುವುದಕ್ಕಿಂತ, ಖಾಲಿಯಾದ ಸಿಲಿಂಡರನ್ನು ಬಿಚ್ಚಿ ಹೊಸದನ್ನು ಜೋಡಿಸುವ ಕೆಲವು ನಿಮಿಷಗಳಲ್ಲಿ ತೆರೆದ ಬಾಯಿಯಿಂದ ಹೊರಗಿನ ತೇವದ ಗಾಳಿ ಒಳಸೇರಿ, ಗೋಡೆಗೆ ಅಂಟಿಕೊಂಡಿರುವ ಅನಿಲದೊಡನೆ ಸೇರಿ ಆಮ್ಲವಾಗುವುದೇ ಹೆಚ್ಚು. ಆದ್ದರಿಂದ ಬಿಚ್ಚುವ ಮೊದಲೂ ಜೋಡಿಸಿದ ನಂತರವೂ ಒಣ ಸಾರಜನಕವನ್ನು ಹಲವು ಬಾರಿ ತುಂಬಿ ಹೊರಹಾಕಿ ಕೊಳವೆಯನ್ನು ಶುಚಿಗೊಳಿಸುತ್ತಾರೆ. ಒತ್ತಡ ಇಳಿಸುವ ರೆಗ್ಯುಲೇಟರಿನಲ್ಲಿ ಅನಿಲ ಹಿಗ್ಗಿ ತಣ್ಣಗಾಗುವುದರಿಂದ ಅಲ್ಲಿಯೂ ತೇವ ಹನಿಗಟ್ಟುವ ಸಂಭವ ಹೆಚ್ಚು. ಕೊಳವೆಯ ಉದ್ದಕ್ಕೂ ಏನೂ ಆಗದೆ ರೆಗ್ಯುಲೇಟರ್ ಮಾತ್ರ ಹಾಳಾಗಿದ್ದರೆ ಕಾರಣವನ್ನು ಇಲ್ಲಿ ಹುಡುಕಬೇಕು.

ಸವೆಸದೆ ಒಡೆಯುವ ಜಲಜನಕ

ಇದುವರೆಗೆ ಹೇಳಿದ್ದು ಮೇಲ್ಮೈಯಲ್ಲಿ ನಡೆಯುವ ಹಾನಿ. ಜಲಜನಕದ ದಾರಿ ಬೇರೆ. ಅದರ ಪರಮಾಣು ತೀರಾ ಚಿಕ್ಕದಾದ್ದರಿಂದ ಲೋಹದ ಒಳಕ್ಕೇ ನುಸುಳುತ್ತದೆ. ಮೇಲ್ಮೈ ಮಾಸುವುದಿಲ್ಲ, ದಪ್ಪ ಕಡಿಮೆಯಾಗುವುದಿಲ್ಲ, ಆದರೆ ಬಾಗಬೇಕಾದ ಲೋಹ ಬಿರುಕು ಬಿಡುತ್ತದೆ. ಇದನ್ನು ಜಲಜನಕ ಭಂಗುರತೆ ಎನ್ನುತ್ತಾರೆ. ಉಕ್ಕು ಹೆಚ್ಚು ಬಲವಾದಷ್ಟೂ, ಗಡಸಾದಷ್ಟೂ ಈ ಅಪಾಯ ಹೆಚ್ಚು ಎಂಬುದು ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದರೂ ನಿಜ.

ಬಿಸಿ ಮತ್ತು ಒತ್ತಡ ಎರಡೂ ಹೆಚ್ಚಿದ್ದಾಗ ಇನ್ನೊಂದು ಬಗೆಯ ಹಾನಿ ಸೇರಿಕೊಳ್ಳುತ್ತದೆ. ಜರ್ಮನಿಯಲ್ಲಿ ಕಾರ್ಲ್ ಬಾಷ್ ಸಾರಜನಕ ಮತ್ತು ಜಲಜನಕಗಳಿಂದ ಅಮೋನಿಯ ತಯಾರಿಸುವ ಕ್ರಮವನ್ನು ಪ್ರಯೋಗಶಾಲೆಯಿಂದ ಕಾರ್ಖಾನೆಗೆ ತರಲು ಶ್ರಮಿಸುತ್ತಿದ್ದಾಗ ಮೊದಲ ಉಕ್ಕಿನ ಕೊಳವೆಗಳು ಸುಮಾರು 80 ಗಂಟೆ ನಡೆದು ಒಡೆದುಹೋದವು. ಒಡೆದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕಾರಣ ತಿಳಿಯಿತು. ಉಕ್ಕಿಗೆ ಬಲ ಕೊಡುವ ಇಂಗಾಲವನ್ನೇ ಜಲಜನಕ ಕಸಿದುಕೊಂಡಿತ್ತು, ಉಳಿದದ್ದು ಪೆಡಸಾದ, ಬಿರುಕುಬಿಟ್ಟ ಕಬ್ಬಿಣ. ಬಾಷ್ ಕಂಡುಕೊಂಡ ಪರಿಹಾರ ಇಂದಿಗೂ ಮೆಚ್ಚುವಂಥದು. ಕೊಳವೆಯನ್ನು ಎರಡು ಪದರವಾಗಿ ಮಾಡಿ, ಒಳಗೆ ಇಂಗಾಲವೇ ಇಲ್ಲದ ಮೆದು ಕಬ್ಬಿಣವನ್ನೂ ಹೊರಗೆ ಒತ್ತಡವನ್ನು ಹೊರುವ ಬಲವಾದ ಉಕ್ಕನ್ನೂ ಇಟ್ಟು, ಹೊರಗಿನ ಉಕ್ಕಿಗೆ ಸಣ್ಣ ರಂಧ್ರಗಳನ್ನು ಕೊರೆಸಿದರು. ಒಳಪದರದಿಂದ ಜಿನುಗಿದ ಜಲಜನಕ ಉಕ್ಕಿನಲ್ಲಿ ತಂಗದೆ ಆ ರಂಧ್ರಗಳಿಂದ ಹೊರಟುಹೋಗುತ್ತಿತ್ತು. ತಾಳುವ ಲೋಹವೊಂದು ಸಿಗದಿದ್ದಾಗ, ತಾಳುವ ಕೆಲಸವನ್ನೂ ಹೊರುವ ಕೆಲಸವನ್ನೂ ಎರಡು ಲೋಹಗಳಿಗೆ ಹಂಚಿದ ಈ ಆಲೋಚನೆಯ ಮೇಲೆಯೇ 1913ರಲ್ಲಿ ಓಪೌ ಎಂಬಲ್ಲಿನ ಅಮೋನಿಯ ಕಾರ್ಖಾನೆ ನಡೆಯತೊಡಗಿತು. ಇಂದು ಇಂಥ ಕಡೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕನ್ನು ಬಳಸುತ್ತಾರೆ. ಅವು ಇಂಗಾಲವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಜಲಜನಕಕ್ಕೆ ಅದನ್ನು ಕಸಿಯಲಾಗುವುದಿಲ್ಲ. ಸಾಮಾನ್ಯ ತಾಪಮಾನದ ಜಲಜನಕಕ್ಕೆ 316ಎಲ್ ಎಂಬ, ಇಂಗಾಲ ತೀರಾ ಕಡಿಮೆಯಿರುವ ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯೂಮಿನಿಯಂ ಒಳ್ಳೆಯ ಆಯ್ಕೆಗಳು. ಟೈಟಾನಿಯಂ ಮಾತ್ರ ಬಿಸಿಯಾದಾಗ ಜಲಜನಕವನ್ನು ಹೀರಿಕೊಂಡು ಹೈಡ್ರೈಡ್ ಆಗಿ ಪೆಡಸಾಗುತ್ತದೆ.

ತೇವವಿರುವ ಹೈಡ್ರೋಜನ್ ಸಲ್ಫೈಡ್ ಕೂಡ ಇದೇ ದಾರಿಯಲ್ಲಿ ಉಕ್ಕನ್ನು ಒಡೆಯುತ್ತದೆ. ಸಂಕ್ಷಾರಣದಲ್ಲಿ ಹುಟ್ಟುವ ಜಲಜನಕದ ಪರಮಾಣುಗಳು ಎರಡೆರಡಾಗಿ ಕೂಡಿ ಅನಿಲವಾಗಿ ಹೋಗುವುದನ್ನು ಗಂಧಕ ತಡೆಯುವುದರಿಂದ, ಅವು ಒಂಟಿಯಾಗಿಯೇ ಉಕ್ಕಿನೊಳಗೆ ಹೊಗುತ್ತವೆ. ತೈಲ ಮತ್ತು ಅನಿಲ ಉದ್ಯಮದಲ್ಲಿ ಇದಕ್ಕೆಂದೇ ಐಎಸ್ಒ 15156 ಎಂಬ ಮಾನದಂಡವಿದೆ. ಇಂಗಾಲದ ಉಕ್ಕಿನ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 22ನ್ನು ಮೀರಬಾರದೆಂಬುದು ಅದರ ಪ್ರಸಿದ್ಧ ಮಿತಿ.

ಒಳ್ಳೆಯ ಲೋಹ, ಒಗ್ಗದ ಅನಿಲ

ತಾಮ್ರ ಮತ್ತು ಹಿತ್ತಾಳೆ ಕೊಳಾಯಿ ಕೆಲಸದಲ್ಲಿ ಎಲ್ಲೆಡೆ ಇರುವುದರಿಂದ ಅಮೋನಿಯಕ್ಕೂ ಅವನ್ನೇ ಬಳಸುವ ತಪ್ಪು ಸುಲಭವಾಗಿ ಆಗುತ್ತದೆ. ತೇವವಿರುವ ಅಮೋನಿಯ ತಾಮ್ರದ ಪೊರೆಯನ್ನು ಕರಗಿಸಿ, ಒಳಗೆ ಬಿಗಿತವಿರುವ ಹಿತ್ತಾಳೆಯನ್ನು ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ಬಿರುಕು ಬಿಡುತ್ತಿದ್ದವು. ಕುದುರೆಗಳ ಮೂತ್ರದಿಂದ ಹೊಮ್ಮಿದ ಅಮೋನಿಯವೇ ಕಾರಣವೆಂದು 1921ರಲ್ಲಿ ವಿವರಣೆ ದೊರೆಯಿತು. ಅಮೋನಿಯಕ್ಕೆ ಉಕ್ಕು ಒಗ್ಗುತ್ತದೆ. ಅಲ್ಲಿಯೂ ಒಂದು ವಿಚಿತ್ರವಿದೆ. ಪೂರ್ತಿ ಒಣಗಿದ ದ್ರವ ಅಮೋನಿಯದಲ್ಲಿ ಆಮ್ಲಜನಕ ಸ್ವಲ್ಪ ಬೆರೆತಿದ್ದರೆ ಉಕ್ಕು ಬಿರಿಯಬಹುದು, ಅದನ್ನು ತಡೆಯಲು ಶೇಕಡಾ 0.2ರಷ್ಟು ನೀರನ್ನು ಬೇಕೆಂದೇ ಸೇರಿಸುತ್ತಾರೆ. ಕ್ಲೋರಿನ್ನಿನಲ್ಲಿ ಉಕ್ಕಿಗೆ ಶತ್ರುವಾದ ನೀರು ಇಲ್ಲಿ ಕಾವಲುಗಾರ.

ಬೆಸುಗೆಗೆ ಬಳಸುವ ಅಸಿಟಿಲೀನ್ ತಾಮ್ರದೊಡನೆ ಸೇರಿ ತಾಮ್ರದ ಅಸಿಟಿಲೈಡ್ ಆಗುತ್ತದೆ. ಒಣಗಿದ ಮೇಲೆ ತುಸು ತಿಕ್ಕಿದರೂ ಅದು ಸಿಡಿಯಬಲ್ಲದು. ಹೀಗಾಗಿ ಅಸಿಟಿಲೀನ್ ಸಾಗುವ ಕಡೆ ಶುದ್ಧ ತಾಮ್ರವನ್ನಾಗಲಿ ಬೆಳ್ಳಿಯನ್ನಾಗಲಿ, ಶೇಕಡಾ 65ರಿಂದ 70ಕ್ಕಿಂತ ಹೆಚ್ಚು ತಾಮ್ರವಿರುವ ಮಿಶ್ರಲೋಹವನ್ನಾಗಲಿ ಬಳಸುವುದಿಲ್ಲ.

ಫ್ಲೋರಿನ್ನನ್ನೇ ತಾಳುವ ನಿಕ್ಕಲ್ ಕಾರ್ಬನ್ ಮಾನಾಕ್ಸೈಡಿನ ಎದುರು ಸೋಲುತ್ತದೆ. ರಸಾಯನ ವಿಜ್ಞಾನಿ ಲುಡ್ವಿಗ್ ಮಾಂಡ್ ತಮ್ಮ ರಾಸಾಯನಿಕ ಕಾರ್ಖಾನೆಯಲ್ಲಿ ನಿಕ್ಕಲ್ ಕವಾಟಗಳು ಸವೆಯುತ್ತಿದ್ದುದರ ಕಾರಣ ಹುಡುಕುತ್ತ ಹೋದಾಗ, ಈ ಅನಿಲ ನಿಕ್ಕಲ್ಲನ್ನು ಹೊತ್ತುಕೊಂಡು ನಿಕ್ಕಲ್ ಕಾರ್ಬೊನಿಲ್ ಎಂಬ ಆವಿಯಾಗಿ ಹೋಗುತ್ತಿರುವುದು ಕಂಡುಬಂತು, 1890ರಲ್ಲಿ ಅದನ್ನು ಅವರು ಪ್ರಕಟಿಸಿದರು. 43 ಡಿಗ್ರಿಗೆ ಕುದಿಯುವ ಈ ವಸ್ತು ಭಯಂಕರ ವಿಷ. ಒತ್ತಡದಲ್ಲಿಟ್ಟ ಕಾರ್ಬನ್ ಮಾನಾಕ್ಸೈಡ್ ಉಕ್ಕಿನ ಕಬ್ಬಿಣವನ್ನೂ ಇದೇ ರೀತಿ ಎತ್ತಿಕೊಳ್ಳುವುದರಿಂದ ಅತಿ ಶುದ್ಧವಾದ ಈ ಅನಿಲಕ್ಕೆ ಅಲ್ಯೂಮಿನಿಯಂ ಸಿಲಿಂಡರುಗಳೇ ಮೇಲು.

ಆಮ್ಲಜನಕದಲ್ಲಿ ಲೋಹವೇ ಉರುವಲು

ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ ನಮಗೆ ಪ್ರಾಣವಾಯು. ಶುದ್ಧವಾಗಿ, ಹೆಚ್ಚಿನ ಒತ್ತಡದಲ್ಲಿದ್ದಾಗ ಅದರಲ್ಲಿ ಉಕ್ಕು, ಅಲ್ಯೂಮಿನಿಯಂ, ಟೈಟಾನಿಯಂಗಳು ಉರುವಲಿನಂತೆ ಉರಿಯಬಲ್ಲವು. ವೇಗವಾಗಿ ಬಂದ ಧೂಳಿನ ಕಣವೊಂದು ಗೋಡೆಗೆ ಬಡಿದಾಗ, ಅಥವಾ ಕವಾಟವನ್ನು ಥಟ್ಟನೆ ತೆರೆದು ಅನಿಲ ಒತ್ತಿ ಬಿಸಿಯಾದಾಗ ಕಿಡಿ ಹುಟ್ಟಬಹುದು. ತಾಮ್ರ, ಹಿತ್ತಾಳೆ, ಮೋನೆಲ್, ನಿಕ್ಕಲ್‌ಗಳು ಹೊತ್ತಿಕೊಳ್ಳುವುದು ಕಷ್ಟ, ಹೊತ್ತಿದರೂ ಬೆಂಕಿ ಹರಡುವುದು ಕಡಿಮೆ. ಆದ್ದರಿಂದ ಆಮ್ಲಜನಕದ ಕವಾಟಗಳಲ್ಲಿ ಹಿತ್ತಾಳೆ ಕಾಣುತ್ತದೆ. ಎಣ್ಣೆ ಮತ್ತು ಗ್ರೀಸ್ ಅಲ್ಲಿ ಸುಳಿಯಲೇಬಾರದು.

ಆಯ್ಕೆಗೆ ಕೂತಾಗ

ಎಂಜಿನಿಯರುಗಳು ಲೋಹದ ಹೆಸರಿನಿಂದ ಆರಂಭಿಸುವುದಿಲ್ಲ. ಅನಿಲ ಯಾವುದು, ಅದರಲ್ಲಿ ಬೆರೆತ ಕಲ್ಮಶಗಳು ಯಾವುವು, ತೇವ ಎಷ್ಟು, ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ತಾಪಮಾನ ಎಷ್ಟು, ಒತ್ತಡ ಎಷ್ಟು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳುತ್ತಾರೆ. ಸಾಮಾನ್ಯ ದಿನದ ಸ್ಥಿತಿಯಷ್ಟೇ ಸಾಲದು, ಯಂತ್ರ ನಿಲ್ಲಿಸಿದಾಗ, ತೊಳೆದಾಗ, ಮತ್ತೆ ಆರಂಭಿಸಿದಾಗ ಏನಿರುತ್ತದೆ ಎಂಬುದೂ ಬೇಕು. ಬಿಸಿಯಾಗಿದ್ದಷ್ಟು ಹೊತ್ತು ಒಣಗಿರುವ ಅನಿಲ ಯಂತ್ರ ನಿಂತು ತಣ್ಣಗಾದಾಗ ಇಬ್ಬನಿ ಬಿಂದುವಿನ ಕೆಳಗಿಳಿದು ಆಮ್ಲದ ಹನಿಯಾಗಬಹುದು. ಇಬ್ಬನಿ ಬಿಂದುವೆಂದರೆ ಆವಿ ಹನಿಗಟ್ಟತೊಡಗುವ ತಾಪಮಾನ.

ಆಮೇಲೆ ಸಂಕ್ಷಾರಣದ ಕೋಷ್ಟಕಗಳನ್ನು ನೋಡುತ್ತಾರೆ. ಅವುಗಳಲ್ಲಿ ಲೋಹ ವರ್ಷಕ್ಕೆ ಎಷ್ಟು ಮಿಲಿಮೀಟರ್ ತೆಳುವಾಗುತ್ತದೆ ಎಂಬ ಲೆಕ್ಕವಿರುತ್ತದೆ. 0.1 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ದಪ್ಪ ಗೋಡೆಯ ಕೊಳವೆಗೆ ಸಾಮಾನ್ಯವಾಗಿ ಒಪ್ಪಿಗೆ. ಆದರೆ ಅದೇ ಅಂಕಿ ರೆಗ್ಯುಲೇಟರಿನ ಒಳಗಿರುವ, ಕಾಗದದಂತೆ ತೆಳುವಾದ ಲೋಹದ ತಗಡಿಗೆ ಒಪ್ಪುವುದಿಲ್ಲ. ಕುಳಿ ಬೀಳುವುದನ್ನೂ ಬಿರುಕು ಬಿಡುವುದನ್ನೂ ಈ ಸರಾಸರಿ ಲೆಕ್ಕ ಹೇಳುವುದಿಲ್ಲವಾದ್ದರಿಂದ ಕೋಷ್ಟಕದಲ್ಲಿ ಉತ್ತಮವೆಂದಿರುವ ಲೋಹವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸಂದೇಹವಿದ್ದಲ್ಲಿ ಅದೇ ಲೋಹದ ಬಿಲ್ಲೆಗಳನ್ನು ತೂಗಿ, ಕೆಲವು ಬಿಲ್ಲೆಗಳನ್ನು ಬಾಗಿಸಿ, ಕೆಲವಕ್ಕೆ ಬೆಸುಗೆ ಹಾಕಿ, ನಿಜವಾದ ಅನಿಲದಲ್ಲಿಯೇ ತಿಂಗಳುಗಟ್ಟಲೆ ತೂಗುಹಾಕಿ, ಮತ್ತೆ ತೂಗಿ ನೋಡುತ್ತಾರೆ.

ಬೆಸುಗೆಯ ಮಾತು ಬಂದದ್ದರಿಂದ ಒಂದು ವಿಷಯವನ್ನು ಹೇಳಲೇಬೇಕು. ಸ್ಟೇನ್‌ಲೆಸ್ ಸ್ಟೀಲನ್ನು ಬೆಸೆಯುವಾಗ 450ರಿಂದ 850 ಡಿಗ್ರಿಯ ನಡುವೆ ಉಳಿಯುವ ಪಟ್ಟಿಯಲ್ಲಿ ಕ್ರೋಮಿಯಂ ಇಂಗಾಲದೊಡನೆ ಸೇರಿಕೊಂಡು, ಪೊರೆ ಕಟ್ಟಲು ಬೇಕಾದ ಕ್ರೋಮಿಯಂ ಅಲ್ಲಿ ಕಡಿಮೆಯಾಗುತ್ತದೆ. ಹೀಗಾಗಿ ಕೊಳವೆ ತಾಳಿದರೂ ಬೆಸುಗೆಯ ಪಕ್ಕದ ಗೆರೆ ಮೊದಲು ಸೋಲುತ್ತದೆ. 316ಎಲ್ ಎಂಬ ಹೆಸರಿನಲ್ಲಿರುವ ಎಲ್ ಅಕ್ಷರ, ಇಂಗಾಲವನ್ನು ಶೇಕಡಾ 0.03ರೊಳಗೆ ಇರಿಸಿ ಈ ತೊಂದರೆಯನ್ನು ತಪ್ಪಿಸಲಾಗಿದೆ ಎಂಬುದರ ಗುರುತು. ಚಿಪ್ ಕಾರ್ಖಾನೆಗಳಲ್ಲಿ ಈ ಉಕ್ಕಿನ ಕೊಳವೆಗಳ ಒಳಮೈಯನ್ನು ವಿದ್ಯುತ್ತಿನ ನೆರವಿನಿಂದ ಕನ್ನಡಿಯಷ್ಟು ನುಣುಪುಗೊಳಿಸುತ್ತಾರೆ. ತೇವ ಅಡಗಿ ಕೂರಲು ಸಂದುಗೊಂದುಗಳು ಉಳಿಯದಿದ್ದರೆ ಒಣಗಿಸುವುದು ಸುಲಭ, ಮತ್ತು ಒಣಗಿದ್ದಷ್ಟು ಕಾಲ ಹೈಡ್ರೋಜನ್ ಕ್ಲೋರೈಡಿನಂತಹ ಅನಿಲವನ್ನೂ ಈ ಉಕ್ಕು ತಡೆದುಕೊಳ್ಳುತ್ತದೆ.